ಲಕ್ಷ ವರ್ಷದ ಚಿಂತೆ, ಇಪ್ಪತ್ತೈದು ವರ್ಷದ ಮರೆವು

ಮೊನ್ನೆ ಶನಿವಾರ ರಾತ್ರಿ ಕೊನೆಗೂ ‘ಇನ್‌ಟು ಇಟರ್ನಿಟಿ’ ನೋಡಿದೆ. 2010ರ ಸಾಕ್ಷ್ಯಚಿತ್ರ, ನಿರ್ದೇಶಕ ಡೆನ್ಮಾರ್ಕಿನ ಮೈಕೆಲ್ ಮ್ಯಾಡ್ಸನ್. (ಹಾಲಿವುಡ್‌ನಲ್ಲಿ ಅದೇ ಹೆಸರಿನ ನಟ ಇದ್ದನಲ್ಲ, ಅವನಲ್ಲ. ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ.) ಆಫೀಸಿನಲ್ಲಿ ಈ ಸಿನಿಮಾ ನೋಡು ಅಂತ ಹೇಳಿದವರೆಲ್ಲ ‘ತಲೆ ತಿರುಗುತ್ತೆ ಮಗಾ’ ಅಂತಾನೇ ಹೇಳಿದ್ರು. ನಿಜ, ತಿರುಗುತ್ತೆ. ಆದರೆ ಮುಗಿದ ಮೇಲೆ ನನಗೆ ಒಂಥರಾ ಸಿಟ್ಟೂ ಬಂತು.

ಕಥೆ ಇಷ್ಟೇ. ಫಿನ್ಲೆಂಡಿನ ಪಶ್ಚಿಮ ತೀರದಲ್ಲಿ ಓಲ್ಕಿಲುವೊಟೊ ಅಂತ ಒಂದು ದ್ವೀಪ. ಅಲ್ಲಿ ಅಣು ವಿದ್ಯುತ್ ಸ್ಥಾವರ ಇದೆ. ಸ್ಥಾವರದಲ್ಲಿ ಉರಿದು ಮುಗಿದ ಇಂಧನವನ್ನು ಹೂಳೋದಕ್ಕೆ 2004ರಿಂದ ಬಂಡೆ ಕೊರೀತಿದ್ದಾರೆ. ಜಾಗದ ಹೆಸರು ಒಂಕಲೊ. ಆಳ ಸುಮಾರು 430 ಮೀಟರ್. ಈ ಕಸ 1 ಲಕ್ಷ ವರ್ಷ ಯಾರ ಕೈಗೂ ಸಿಗಬಾರದು. ಮುಂದೆ ಯಾವುದೋ ಕಾಲದಲ್ಲಿ, ನಮ್ಮ ಭಾಷೆಯೇ ಗೊತ್ತಿಲ್ಲದ ಯಾರೋ ಬಂದು ಅಗೆದರೆ? ಅವರಿಗೆ ‘ಬೇಡ’ ಅಂತ ಹೇಗೆ ಹೇಳೋದು? ಮ್ಯಾಡ್ಸನ್ ಕತ್ತಲಲ್ಲಿ ಬೆಂಕಿಕಡ್ಡಿ ಗೀರಿ, ಅದು ಆರುವವರೆಗೆ ಆ ದೂರದ ಮನುಷ್ಯನ ಜೊತೆ ಮಾತಾಡ್ತಾನೆ.

ಚೆನ್ನಾಗಿದೆ, ಸುಳ್ಳು ಹೇಳಲ್ಲ. ಸುರಂಗದೊಳಗೆ ನಿಧಾನವಾಗಿ ಇಳಿಯುವ ಕ್ಯಾಮೆರಾ, ಹಿಮ ಬಿದ್ದ ಕಾಡು, ನೀಲಿ ನೀರಿನ ಕೊಳದ ತಳದಲ್ಲಿ ಸುಮ್ಮನೆ ನಿಂತ ಇಂಧನ. ಎಲ್ಲಕ್ಕಿಂತ ಇಷ್ಟವಾಗಿದ್ದು ತಜ್ಞರ ಮೌನ. ಗುರುತು ಹಾಕಬೇಕಾ, ಇಲ್ಲಾ ಜಾಗವನ್ನೇ ಜನ ಮರೆತುಬಿಡೋ ಹಾಗೆ ಮಾಡಬೇಕಾ ಅಂತ ಕೇಳಿದಾಗ ದೊಡ್ಡ ದೊಡ್ಡ ವಿಜ್ಞಾನಿಗಳು ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡ್ತಾರೆ. ನಾನು ನಕ್ಕೆ. ನನ್ನ ಮೊದಲ ಕೆಲಸದಲ್ಲಿ ಒಂದು ಕೋಡ್ ಫೈಲಿನ ತಲೆಯ ಮೇಲೆ ‘ದಯವಿಟ್ಟು ಇದನ್ನು ಮುಟ್ಟಬೇಡಿ’ ಅಂತ ಬರೆದಿತ್ತು. ಬರೆದವನು ಕೆಲಸ ಬಿಟ್ಟು ಆರು ವರ್ಷ ಆಗಿತ್ತು. ಯಾಕೆ ಮುಟ್ಟಬಾರದು ಅಂತ ಬರೆದಿರಲಿಲ್ಲ. ಹಾಗಾಗಿ ಹೊಸಬರೆಲ್ಲ ಮೊದಲು ತೆಗೆದು ನೋಡ್ತಿದ್ದಿದ್ದೇ ಆ ಫೈಲು.

ನನ್ನ ತಕರಾರು ಇಲ್ಲಿಂದ ಶುರು. ಆರೇ ವರ್ಷಕ್ಕೆ ಮರೆಯೋ ಜನ ನಾವು. ಈ ಸಿನಿಮಾ ಬಂದ 2010ರಲ್ಲೇ, ಏಪ್ರಿಲ್‌ನಲ್ಲಿ, ದೆಹಲಿಯ ಮಾಯಾಪುರಿ ಗುಜರಿ ಮಾರ್ಕೆಟ್ಟಿನಲ್ಲಿ ಕೆಲವರಿಗೆ ಮೈ ಸುಟ್ಟು, ಕೂದಲು ಉದುರೋಕೆ ಶುರುವಾಯ್ತು. ಕಾರಣ ಕೋಬಾಲ್ಟ್-60. ಎಲ್ಲಿಂದ ಬಂತು? ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಯಾರೂ ಬಳಸದೇ ಬಿದ್ದಿದ್ದ ಒಂದು ಯಂತ್ರದಿಂದ. ಅದನ್ನು ಹಳೇ ಸಾಮಾನಿನ ಜೊತೆ ಹರಾಜು ಹಾಕಿದ್ರು. ಗುಜರಿಯವರು ಒಡೆದ್ರು. ಒಬ್ಬ ಸತ್ತ. ಇದು ಕಾಡಿನಲ್ಲಿ ಆಗಿದ್ದಲ್ಲ, ಓದಿದವರೇ ತುಂಬಿದ ಕಟ್ಟಡದಲ್ಲಿ ಆದ ಮರೆವು. ಅದೂ 25 ವರ್ಷಕ್ಕೆ. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ ಆಗಿದ್ದೂ ಇದೇ. ಬಿಟ್ಟುಹೋದ ಆಸ್ಪತ್ರೆ ಕಟ್ಟಡದಲ್ಲಿ ಉಳಿದ ಸೀಸಿಯಂ, ಗುಜರಿ, ನಾಲ್ಕು ಸಾವು.

ಲಕ್ಷ ವರ್ಷ ಅಂದ ತಕ್ಷಣ ಅದು ಪುರಾಣ ಆಗಿಬಿಡುತ್ತೆ. ಪುರಾಣದಲ್ಲಿ ಯಾರಿಗೂ ಜವಾಬ್ದಾರಿ ಇರಲ್ಲ. ಮುಂದಿನ 30 ವರ್ಷ ಅಂದ್ರೆ ಇರುತ್ತೆ: ರಿಜಿಸ್ಟರ್ ಯಾರ ಹತ್ತಿರ, ಬೀಗದ ಕೈ ಯಾರ ಹತ್ತಿರ, ದುಡ್ಡು ಯಾರದ್ದು?

ಎಂಜಿನಿಯರಿಂಗ್ ವಿಷಯದಲ್ಲೂ ಸಿನಿಮಾ ಹಾರಿಸ್ಕೊಂಡು ಹೋಗುತ್ತೆ. ಒಂಕಲೊದ ವಿಧಾನ ಹುಟ್ಟಿದ್ದು ಪಕ್ಕದ ಸ್ವೀಡನ್‌ನಲ್ಲಿ. ಇಂಧನವನ್ನು ದಶಕಗಟ್ಟಲೆ ನೀರಲ್ಲಿ ತಣಿಸಿ, ಎರಕದ ಕಬ್ಬಿಣದ ಒಳಗೂಡಿಗೆ ಇಳಿಸಿ, ಅದರ ಮೇಲೆ 5 ಸೆಂಟಿಮೀಟರ್ ದಪ್ಪದ ತಾಮ್ರದ ಡಬ್ಬ. ಅದರ ಸುತ್ತ ಬೆಂಟೊನೈಟ್ ಜೇಡಿ. ನೀರು ತಾಗಿದರೆ ಈ ಜೇಡಿ ಉಬ್ಬಿ ಸಂದು ಮುಚ್ಚುತ್ತೆ. ಅದರಾಚೆ ಬಂಡೆ. ಇಡೀ ಲೆಕ್ಕದ ಒಂದು ಕಾಲು ನಿಂತಿರೋದು ತಾಮ್ರದ ಮೇಲೆ. ಆ ತಾಮ್ರ ಆಮ್ಲಜನಕ ಇಲ್ಲದ ನೀರಲ್ಲೂ ಸವೆಯಬಹುದು ಅಂತ ಸ್ವೀಡನ್ನಿನದೇ ಸಂಶೋಧಕರು 2007ರಲ್ಲಿ, ಅಂದ್ರೆ ಸಿನಿಮಾಕ್ಕಿಂತ ಮೊದಲೇ, ತಗಾದೆ ತೆಗೆದಿದ್ರು. 2018ರಲ್ಲಿ ಅಲ್ಲಿನ ಪರಿಸರ ನ್ಯಾಯಾಲಯವೂ ಡಬ್ಬದ ಬಗ್ಗೆ ಅನುಮಾನ ಎತ್ತಿತು. ಕೊನೆಗೆ 2022ರಲ್ಲಿ ಸರ್ಕಾರ ಒಪ್ಪಿಗೆ ಕೊಡ್ತು ಅನ್ನೋದು ಬೇರೆ ಮಾತು. ಇಂಥ ಜಗಳ ಬೆಂಕಿಕಡ್ಡಿಯಷ್ಟು ಚಂದ ಕಾಣಲ್ಲ, ಒಪ್ಪುತ್ತೇನೆ. ಆದರೆ ಡಬ್ಬ ತೂತಾಗುತ್ತಾ ಇಲ್ವಾ ಅನ್ನೋದಕ್ಕೆ ಉತ್ತರ ಸಿಗಬೇಕಾಗಿದ್ದು ಅಲ್ಲೇ.

ನಮ್ಮ ದೇಶದ ದಾರಿ ಬೇರೆ. ಉರಿದ ಇಂಧನವನ್ನು ನಮ್ಮ ಅಣುಶಕ್ತಿ ಇಲಾಖೆ ಕಸ ಅನ್ನೋದೇ ಇಲ್ಲ. ಅದನ್ನು ತುಂಡು ಮಾಡಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಯುರೇನಿಯಂ, ಪ್ಲುಟೋನಿಯಂ ಬೇರೆ ತೆಗೀತಾರೆ. ಟ್ರಾಂಬೆಯಲ್ಲಿ ಈ ಕೆಲಸ 1960ರ ದಶಕದಿಂದ ನಡೀತಿದೆ. ಉಳಿಯೋ ಭಯಂಕರ ದ್ರವವನ್ನು ಗಾಜಿನ ಜೊತೆ ಕರಗಿಸಿ ಉಕ್ಕಿನ ಡಬ್ಬಕ್ಕೆ ಸುರೀತಾರೆ. ಕಸದ ಗಾತ್ರ ತುಂಬಾ ಕಡಿಮೆ ಆಗುತ್ತೆ, ಅದು ನಿಜವಾದ ಲಾಭ. ಆದರೆ ಆ ಗಾಜನ್ನೂ ದಶಕಗಟ್ಟಲೆ ತಣಿಸಿ, ಆಮೇಲೆ ಎಲ್ಲೋ ಒಂದು ಕಡೆ ಹೂಳಲೇಬೇಕು.

ಆ ‘ಎಲ್ಲೋ’ ಒಮ್ಮೆ ನಮ್ಮೂರ ಪಕ್ಕಕ್ಕೇ ಬಂದಿತ್ತು. ನಮ್ಮೂರು ಬಂಗಾರಪೇಟೆ ಕಡೆ. ನಾನು ಚಿಕ್ಕವನಿದ್ದಾಗ ಕೆಜಿಎಫ್ ಗಣಿಯ ಆಳದಲ್ಲಿ ಬಂಡೆ ಸಿಡಿದರೆ ನಮ್ಮನೆ ಅಡುಗೆಮನೇಲಿ ಪಾತ್ರೆ ಜಣಜಣ ಅಂತಿತ್ತು. 2012ರ ನವೆಂಬರ್‌ನಲ್ಲಿ, ಕೂಡಂಕುಳಂ ಕೇಸು ನಡೀತಿದ್ದಾಗ, ಅಣು ಕಸವನ್ನು ಕೋಲಾರದ ಚಿನ್ನದ ಗಣಿಗೆ ಹಾಕ್ತೀವಿ ಅನ್ನೋ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂತು. ಅಮ್ಮ ಫೋನ್ ಮಾಡಿದ್ಲು.

‘ಏನೋ ಅದು, ಬಾಂಬಿನ ಕಸ ತಂದು ಗಣಿಗೆ ಸುರೀತಾರಂತೆ?’

‘ಬಾಂಬಿಂದಲ್ಲಮ್ಮ, ಕರೆಂಟಿಂದು.’

‘ಕರೆಂಟು ನಮಗೆ ಎರಡು ಗಂಟೆ ಬಂದ್ರೆ ಹೆಚ್ಚು. ಕಸ ಮಾತ್ರ ನಮಗಾ?’

ನಾನು ಆಗ ಬಿಇ ಮುಗಿಸಿದ ಜಂಬದಲ್ಲಿ ಬಂಡೆ, ಜೇಡಿ, ಡಬ್ಬ ಅಂತೆಲ್ಲ ವಿವರಿಸೋಕೆ ಹೋದೆ. ಕೋಲಾರದಲ್ಲಿ ಪ್ರತಿಭಟನೆ ಆಯ್ತು. ಕೆಲವೇ ದಿನದಲ್ಲಿ ಅಂಥ ಯೋಚನೆಯೇ ಇಲ್ಲ ಅಂತ ಇಲಾಖೆ ಹೇಳ್ತು. 1980ರ ದಶಕದಲ್ಲಿ ಅದೇ ಗಣಿಯಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಬಿಸಿಗೆ ಬಂಡೆ ಹೇಗೆ ನಡ್ಕೊಳ್ಳುತ್ತೆ ಅಂತ ಹೀಟರ್ ಇಟ್ಟು ಪ್ರಯೋಗ ಮಾಡಿದ್ರು ಅನ್ನೋದು ನನಗೆ ಗೊತ್ತಾಗಿದ್ದೂ ಆಮೇಲೇ. ಕಸ ಇಟ್ಟಿರಲಿಲ್ಲ, ಪ್ರಯೋಗದಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಮ್ಮೂರಲ್ಲಿ ಯಾರ ಬಾಯಲ್ಲೂ ಅದರ ಸುದ್ದಿ ಕೇಳಿರಲಿಲ್ಲ.

ಅಮ್ಮನ ಜೊತೆ ವಾದ ಮಾಡೋವಾಗ ನಾನು ಮರೆತಿದ್ದು ಸೈನೈಡ್ ಗುಡ್ಡಗಳನ್ನ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ ಅದು. 2001ರಲ್ಲಿ ಗಣಿ ಮುಚ್ಚಿತು, ಚಿನ್ನ ಹೋಯ್ತು, ಗುಡ್ಡ ಉಳೀತು. ಗಾಳಿ ಬೀಸಿದರೆ ಧೂಳು ಈಗಲೂ ಮನೆಯೊಳಗೆ. (ಯಶ್ ಸಿನಿಮಾದಲ್ಲಿ ಆ ಧೂಳು ಭರ್ಜರಿಯಾಗಿ ಕಾಣುತ್ತೆ, ಉಸಿರಾಡೋಕೆ ಅಷ್ಟು ಭರ್ಜರಿ ಅಲ್ಲ.) ಅಂಥ ಊರಿನವರಿಗೆ ‘ನಂಬಿ, ಇನ್ನೊಂದು ಕಸ ಇಡ್ತೀವಿ’ ಅಂದ್ರೆ ಹೇಗೆ ನಂಬ್ತಾರೆ?

ಫಿನ್ಲೆಂಡ್ ನಿಜವಾಗಿ ಬೇರೆಯಾಗೋದು ಇಲ್ಲಿ, ಆದರೆ ಮ್ಯಾಡ್ಸನ್ ಕ್ಯಾಮೆರಾ ಆ ಕಡೆ ತಿರುಗೋದೇ ಇಲ್ಲ. ಅಲ್ಲಿನ ಕಾನೂನಿನ ಪ್ರಕಾರ ಊರಿನ ಸ್ಥಳೀಯ ಸಂಸ್ಥೆ ‘ಬೇಡ’ ಅಂದ್ರೆ ಮುಗೀತು, ಸರ್ಕಾರವೂ ಏನೂ ಮಾಡಕ್ಕಾಗಲ್ಲ. ನಾಲ್ಕು ಜಾಗ ಪರೀಕ್ಷೆ ಮಾಡಿದ್ರು. 2000ದ ಜನವರಿಯಲ್ಲಿ ಯೂರಯೋಕಿ ಅನ್ನೋ ಸಣ್ಣ ಊರಿನ ಕೌನ್ಸಿಲ್ 20-7 ಮತದಿಂದ ಹೂಂ ಅಂತು. ಮರುವರ್ಷ ಸಂಸತ್ತು 159-3. ಯೂರಯೋಕಿಯವರೇನೂ ಸಂತರಲ್ಲ. ಸ್ಥಾವರ 1970ರ ದಶಕದಿಂದ ಅಲ್ಲೇ ಇದೆ, ತೆರಿಗೆ ದುಡ್ಡು ಬರುತ್ತೆ, ನೌಕರಿ ಇದೆ. ಲಾಭ ನೋಡಿಯೇ ಒಪ್ಪಿರಬಹುದು. ಆದರೆ ಕೇಳಿದ ಮೇಲೆ ಒಪ್ಪಿದ್ರು.

ಸಿನಿಮಾ ನೋಡಬೇಡಿ ಅಂತ ಹೇಳ್ತಿಲ್ಲ. ನೋಡಿ, ದೊಡ್ಡ ಪರದೆ ಸಿಕ್ಕರೆ ಇನ್ನೂ ಒಳ್ಳೇದು. ನನಗೆ ಮಾತ್ರ ಆ ಬೆಂಕಿಕಡ್ಡಿಗಳಲ್ಲಿ ಒಂದೆರಡು ಕಡಿಮೆ ಮಾಡಿ, ಆ ಜನವರಿಯ ಕೌನ್ಸಿಲ್ ಮೀಟಿಂಗಿನ ಹತ್ತು ನಿಮಿಷ ತೋರಿಸಿದ್ರೆ ಸಾಕಿತ್ತು. ಅದರಲ್ಲೂ ಬೇಡ ಅಂತ ಕೈ ಎತ್ತಿದ ಆ 7 ಜನ ಏನು ಹೇಳಿದ್ರು ಅಂತ ಕೇಳ್ಬೇಕಿತ್ತು.