ಧ್ರುವದ ಹೆಸರು ಹೊತ್ತ ವಾಚು

ಹಳೆಯ ವಾಚುಗಳ ಪೇಟೆಯಲ್ಲಿ ‘ಧ್ರುವಕ್ಕೆ ಹೋಗಿ ಬಂದದ್ದು’ ಎಂಬ ಮಾತಿಗೆ ಬಹಳ ಬೆಲೆ. ಅದು ಕಿವಿಗೆ ಬಿದ್ದರೆ ಸಾಕು, ಹರಾಜಿನ ದರ ಏರುತ್ತದೆ. ಈ ಸಾಲಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಸ್ವಿಟ್ಜರ್ಲೆಂಡಿನ ಜೇಗರ್ ಲಕೂಲ್ಟ್ರ್ ಕಂಪನಿ 1958ರಲ್ಲಿ ಹೊರತಂದ ‘ಜಿಯೋಫಿಸಿಕ್’. ಅದನ್ನು ಮೆಚ್ಚಲು ಧ್ರುವದ ಕಥೆಯೇ ಬೇಕಿಲ್ಲ ಎನ್ನುವುದು ನನ್ನ ವಾದ.

ಕಥೆ ಹೀಗಿದೆ. 1957ರ ಜುಲೈನಿಂದ 1958ರ ಡಿಸೆಂಬರ್‌ವರೆಗೆ ಅಂತರರಾಷ್ಟ್ರೀಯ ಭೂಭೌತ ವರ್ಷ ನಡೆಯಿತು. ಶೀತಲ ಸಮರದ ಆ ದಿನಗಳಲ್ಲೂ ಅರವತ್ತಕ್ಕೂ ಹೆಚ್ಚು ದೇಶಗಳ ವಿಜ್ಞಾನಿಗಳು ಒಟ್ಟಾಗಿ ಭೂಮಿಯನ್ನು ಅಳೆಯಲು ಹೊರಟಿದ್ದರು. ಅಂಟಾರ್ಕ್ಟಿಕಾದಲ್ಲಿ ಶಿಬಿರಗಳು ಎದ್ದವು, ಸ್ಪುಟ್ನಿಕ್ ಹಾರಿದ್ದೂ ಆಗಲೇ. 1833ರಲ್ಲಿ ಶುರುವಾಗಿದ್ದ ಕಂಪನಿಗೆ 1958 ಎಂದರೆ 125ನೇ ವರ್ಷ. ವಿಜ್ಞಾನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ವಾಚು ಮಾಡಿ, ಭೂಭೌತ ವರ್ಷದ ಹೆಸರನ್ನೇ ಅದಕ್ಕಿಟ್ಟರು. 1958ರ ಆಗಸ್ಟ್ 3ರಂದು ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿ ‘ನಾಟಿಲಸ್’ ಹಿಮದಡಿಯಲ್ಲೇ ಸಾಗಿ ಉತ್ತರ ಧ್ರುವವನ್ನು ದಾಟಿತು. ಅದರ ಕ್ಯಾಪ್ಟನ್ ವಿಲಿಯಂ ಆಂಡರ್ಸನ್ ಅವರಿಗೆ ಜಿನೀವಾ ನಗರ ಉಡುಗೊರೆಯಾಗಿ ಕೊಟ್ಟದ್ದು ಇದೇ ವಾಚು.

ಗಮನಿಸಿ: ಕೊಟ್ಟದ್ದು ಯಾನ ಮುಗಿದ ಮೇಲೆ. ಧ್ರುವ ಪ್ರದೇಶದ ಚಳಿಯಲ್ಲಿ ನಿಜವಾಗಿ ದುಡಿದ ವಾಚು ಬೇಕೆನ್ನುವವರು ಟ್ಯೂಡರ್ ಆಯ್‌ಸ್ಟರ್ ಪ್ರಿನ್ಸ್ ಕಡೆ ನೋಡಬೇಕು. 1952ರಿಂದ 1954ರವರೆಗೆ ಉತ್ತರ ಗ್ರೀನ್‌ಲ್ಯಾಂಡಿನಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ತಂಡದವರ ಕೈಯಲ್ಲಿದ್ದದ್ದು ಅದು.

ಹಾಗಾದರೆ ಜಿಯೋಫಿಸಿಕ್‌ನ ಹೆಚ್ಚುಗಾರಿಕೆ ಏನು? ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದರೆ ಯಂತ್ರ ಕಾಣುವುದಿಲ್ಲ, ಮೆದು ಕಬ್ಬಿಣದ ಇನ್ನೊಂದು ಮುಚ್ಚಳ ಎದುರಾಗುತ್ತದೆ. ಅಯಸ್ಕಾಂತದ ಸೆಳೆತವನ್ನು ಆ ಕಬ್ಬಿಣ ತನ್ನ ಮೈಮೇಲೆ ಎಳೆದುಕೊಂಡು ಒಳಗಿನ ತೆಳು ಸುರುಳಿಯಾದ ಹೇರ್‌ಸ್ಪ್ರಿಂಗನ್ನು ಕಾಯುತ್ತದೆ. ಹೇರ್‌ಸ್ಪ್ರಿಂಗಿಗೆ ಕಾಂತತ್ವ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ಮುಂದೆ ಓಡುತ್ತದೆ. ಧ್ರುವದ ಕಾಂತಶಕ್ತಿಯಿಂದ ವಾಚು ಕೆಡುತ್ತದೆಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಧ್ರುವದ ಬಳಿಯೂ ಭೂಮಿಯ ಕಾಂತಕ್ಷೇತ್ರ ಒಂದು ಗಾಸ್ ಕೂಡ ಮುಟ್ಟುವುದಿಲ್ಲ. ಈ ವಾಚು ತಡೆಯಬಲ್ಲದ್ದು 600 ಗಾಸ್. ನಿಜವಾದ ಅಪಾಯ ಪ್ರಯೋಗಾಲಯದ ಮೋಟಾರು, ಜನರೇಟರ್‌ಗಳದು.

ಕಬ್ಬಿಣದ ಮುಚ್ಚಳವನ್ನೂ ತೆಗೆದಾಗ ಕಾಣುವ ಯಂತ್ರ ಕಣ್ಣಿಗೆ ಹಬ್ಬ. ಗ್ಲೂಸಿಡರ್ ಎಂಬ ಮಿಶ್ರಲೋಹದ ಹೊಂಬಣ್ಣದ ಬ್ಯಾಲೆನ್ಸ್ ಚಕ್ರ ಬಿಸಿಲು ಚಳಿಗೆ ಅಷ್ಟಾಗಿ ಹಿಗ್ಗದು, ಕುಗ್ಗದು. ಪಕ್ಕದಲ್ಲೇ ಹಂಸದ ಕೊರಳಿನಂತೆ ಬಾಗಿದ ಉಕ್ಕಿನ ಸ್ಪ್ರಿಂಗ್. ವೇಗವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಲು ಅದರ ಪುಟ್ಟ ಸ್ಕ್ರೂ ಸಾಕು. ಕೀ ಹೊರಗೆಳೆದರೆ ಸೆಕೆಂಡಿನ ಮುಳ್ಳು ನಿಂತುಬಿಡುತ್ತದೆ, ರೇಡಿಯೊ ಸಮಯಕ್ಕೆ ಸರಿಯಾಗಿ ಹೊಂದಿಸಬಹುದು. ಇಷ್ಟೆಲ್ಲವನ್ನೂ 35 ಮಿಲಿಮೀಟರಿನ ಸರಳ ಉಕ್ಕಿನ ಪೆಟ್ಟಿಗೆಯೊಳಗೆ ಅಡಗಿಸಿ, ಆಡಂಬರವಿಲ್ಲದ ಡಯಲ್ ಹಾಕಿದ್ದಾರಲ್ಲ, ಆ ಸಂಯಮಕ್ಕೆ ನಾನು ಸೋತಿದ್ದೇನೆ. ಚಿನ್ನದ ಪೆಟ್ಟಿಗೆಯವೂ ಕೆಲವು ಬಂದವು. ನನಗೆ ಉಕ್ಕಿನದೇ ಮೇಲು.

2014ರಲ್ಲಿ ಕಂಪನಿ ಇದೇ ರೂಪವನ್ನು 38.5 ಮಿಲಿಮೀಟರಿಗೆ ಹಿಗ್ಗಿಸಿ, ಸ್ವಯಂಚಾಲಿತ ಯಂತ್ರ ಹಾಕಿ ಮತ್ತೆ ಹೊರತಂದಿತು. ಚೆನ್ನಾಗಿಯೇ ಇದೆ. ಆದರೆ ಬೆಳಿಗ್ಗೆ ಎದ್ದು ಕೈಯಾರೆ ಕೀ ಕೊಡುವ ಸುಖ ಅದರಲ್ಲಿಲ್ಲ.

ಹಳೆಯದನ್ನೇ ಕೊಳ್ಳುವ ಯೋಗ ನಿಮಗಿದ್ದರೆ, ನಾಟಿಲಸ್ ಕಥೆ ಹೇಳುವ ಮಾರಾಟಗಾರನಿಗೆ ಮೊದಲು ಹಿಂಬದಿ ತೆರೆದು ತೋರಿಸಲು ಹೇಳಿ. ಹಲವು ಕೈ ದಾಟಿದ ವಾಚಿನಲ್ಲಿ ರಿಪೇರಿಯ ವೇಳೆ ಒಳಮುಚ್ಚಳ ಕಳೆದುಹೋಗಿರಬಹುದು. ಡಯಲ್‌ಗೆ ಹೊಸ ಬಣ್ಣ ಬಳಿದಿದ್ದರೂ ಅನುಮಾನಿಸಿ. ಮಾಸಿದ ಮೂಲ ಡಯಲ್ ಎಷ್ಟೋ ವಾಸಿ. ಕಬ್ಬಿಣದ ಆ ಮುಚ್ಚಳ ಇಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.