ಅಚ್ಚಿನಲ್ಲಿ ಕೇಳಿದ ಮನೆಮಾತು

ಮಳೆಗಾಲದಲ್ಲಿ ಪುಸ್ತಕ ಕಾಪಾಡಿಕೊಳ್ಳುವ ಬಗೆಯನ್ನು ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನು ಮೊದಲು ಮುಗಿಸಿಬಿಡುತ್ತೇನೆ. ನಮ್ಮೂರು ಲೋಂಡಾದಲ್ಲಿ ಮಳೆ ಒಮ್ಮೆ ಹಿಡಿಯಿತೆಂದರೆ ಕಪಾಟಿನ ಹಿಂದಿನ ಗೋಡೆಯೂ ಬೆವರುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಸರಿಸಿ. ಪುಸ್ತಕಗಳನ್ನು ತುರುಕಬೇಡಿ, ನಡುವೆ ಗಾಳಿ ಆಡಲಿ. ಪ್ಲಾಸ್ಟಿಕ್ ಹೊದಿಕೆ ಹಾಕಲೇಬೇಡಿ. ತೇವ ಒಳಗೇ ಕೂತುಬಿಡುತ್ತದೆ. ಬೂಷ್ಟು ಕಂಡರೆ ಪುಸ್ತಕವನ್ನು ಮನೆಯ ಹೊರಗೆ ಒಯ್ದು ಒಣ ಬ್ರಶ್‌ನಿಂದ ಒರೆಸಿ, ಪುಟ ಬಿಚ್ಚಿ ನೆರಳಲ್ಲಿ ನಿಲ್ಲಿಸಿ. ಬೈಂಡಿಂಗ್ ವಿಷಯದಲ್ಲಿ ನನ್ನ ಹಟ ಹಳೆಯ ಓದುಗರಿಗೆ ಗೊತ್ತೇ ಇದೆ. ದಾರದಿಂದ ಹೊಲಿದ ಪುಸ್ತಕ ಮೊಮ್ಮಕ್ಕಳಿಗೂ ಉಳಿಯುತ್ತದೆ; ಬರೀ ಅಂಟು ಬಳಿದದ್ದು ನಮ್ಮ ಕಡೆಯ ನಾಲ್ಕು ಮಳೆಗಾಲ ತಾಳುವುದಿಲ್ಲ. ಮುಖಪುಟಕ್ಕೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಪ್ರಕಾಶಕರು ಹೊಲಿಗೆಗೆ ಕೊಡಲಿ.

ಬೂಷ್ಟು ಒರೆಸುತ್ತ ಕೂತಾಗ ಕೈಗೆ ಬಂದದ್ದು ‘ಗಂಗವ್ವ ಗಂಗಾಮಾಯಿ’. ಶಂಕರ ಮೊಕಾಶಿ ಪುಣೇಕರರ ಈ ಕಾದಂಬರಿ ಬಂದದ್ದು 1956ರಲ್ಲಿ, ಹರಿದು ಹಂಚಿಹೋಗಿದ್ದ ಕನ್ನಡ ಸೀಮೆ ಒಂದು ರಾಜ್ಯವಾದ ವರ್ಷದಲ್ಲಿ. ನಾಲ್ಕು ಪುಟ ನೋಡೋಣವೆಂದು ತೆರೆದೆ, ಒರೆಸುವ ಕೆಲಸ ಅಲ್ಲಿಗೇ ನಿಂತಿತು. ಹೀಗಾಗಿ ಈ ಅಂಕಣವೂ ಇಲ್ಲಿಂದ ಬೇರೆ ಹಳಿ ಹಿಡಿಯುತ್ತದೆ.

ನಿಮ್ಮ ಬದುಕನ್ನು ತಿದ್ದಿದ ಪುಸ್ತಕ ಯಾವುದು ಎಂದು ಕೇಳಿದರೆ ಜನ ದೊಡ್ಡ ಹೆಸರುಗಳನ್ನು ಹೇಳುತ್ತಾರೆ: ಗಾಂಧೀಜಿಯ ಆತ್ಮಕಥೆ, ಟಾಲ್‌ಸ್ಟಾಯ್, ಕುವೆಂಪು. ಅವೆಲ್ಲ ನನ್ನ ಕಪಾಟಿನಲ್ಲೂ ಇವೆ, ಅವುಗಳ ಋಣವೂ ಇದೆ. ಆದರೆ ನನ್ನನ್ನು ಓದುಗನನ್ನಾಗಿ ಮಾಡಿದ್ದು ನಮ್ಮ ಮನೆಯ ಮಾತನ್ನು ಅಚ್ಚಿನಲ್ಲಿ ಕೇಳಿಸಿದ ಪುಸ್ತಕಗಳು.

ಲೋಂಡಾ ಜಂಕ್ಷನ್ನಿನ ಊರು. ಒಂದು ಹಳಿ ಖಾನಾಪುರ, ಬೆಳಗಾವಿ ದಾಟಿ ಮಿರಜಿಗೆ, ಒಂದು ಅಳ್ನಾವರದ ಮೇಲೆ ಧಾರವಾಡಕ್ಕೆ, ಇನ್ನೊಂದು ಕ್ಯಾಸಲ್ ರಾಕ್ ಘಟ್ಟ ಇಳಿದು ಗೋವಾಕ್ಕೆ. ಮಾತೂ ಹಾಗೆಯೇ ಮೂರು ದಿಕ್ಕಿನಿಂದ ಬಂದು ಕೂಡಿದ್ದು. ಅಂಗಡಿಯ ಕಟ್ಟೆಯ ಮೇಲೆ ಮರಾಠಿ, ಪಕ್ಕದ ಮನೆಯಲ್ಲಿ ಕೊಂಕಣಿ, ನಮ್ಮ ಅಡುಗೆಮನೆಯಲ್ಲಿ ಧಾರವಾಡದ ಕನ್ನಡ. ಶಾಲೆಯ ಪಠ್ಯದಲ್ಲಿ ಮಾತ್ರ ಜನ ನಾವ್ಯಾರೂ ಕೇಳದ ಕನ್ನಡ ಆಡುತ್ತಿದ್ದರು. ಆ ವಯಸ್ಸಿನ ನಮಗೆ ಅದರಿಂದ ತಿಳಿದದ್ದು ಇಷ್ಟೇ: ನಮ್ಮದು ಆಡುವ ಮಾತು, ಬರೆಯುವ ಮಾತು ಬೇರೆ ಊರಿನವರದು.

ಆ ತಿಳಿವಳಿಕೆಯನ್ನು ಮುರಿದವಳು ಗಂಗವ್ವ. ಗಂಡನಿಲ್ಲದ ಹೆಂಗಸು, ಮಗ ಕಿಟ್ಟಿ, ತವರಿನ ಕಡೆಯ ರಾಘಪ್ಪ: ಸುತ್ತ ಧಾರವಾಡದ ಓಣಿಗಳು, ಸಾಲ, ಆಸ್ತಿ, ಮದುವೆಯ ಮಾತುಕತೆ. ಕಥೆಯನ್ನು ಹೇಳಹೊರಟರೆ ಎಲ್ಲ ಮನೆಗಳಲ್ಲೂ ನಡೆಯುವಂಥದ್ದೇ. ಆದರೆ ಇವರ ಹಟ, ಲೆಕ್ಕಾಚಾರ, ಮಮತೆ ಎಲ್ಲ ನಡೆಯುವುದು ಮಾತಿನಲ್ಲಿ. ಯಾರು ಯಾವಾಗ ‘ರೀ’ ಹಚ್ಚಿದರು, ಯಾವಾಗ ಬಿಟ್ಟರು ಎಂಬುದನ್ನು ನೋಡಿಕೊಂಡೇ ನಮ್ಮ ಕಡೆಯವರು ಎದುರಿನವರ ಮನಸ್ಸು ಅಳೆಯುತ್ತಾರೆ. ಪುಣೇಕರರಿಗೆ ಆ ಕಿವಿ ಇತ್ತು. ಅವರು ಮಾತನ್ನು ಪಾತ್ರಗಳಿಗೆ ಉಡಿಸಿದ ಬಣ್ಣದ ಅಂಗಿಯ ಹಾಗೆ ಬಳಸಲಿಲ್ಲ. ಗಂಗವ್ವನ ದುಃಖ, ಸಿಟ್ಟು, ಸ್ವಾಭಿಮಾನ ಬೇರೆ ಯಾವ ಕನ್ನಡದಲ್ಲೂ ಹುಟ್ಟಲಾರವು ಎನ್ನಿಸುವಂತೆ ಬರೆದರು.

ಇಲ್ಲಿ ಒಂದು ಹಳೆಯ ಬಾಕಿ ತೀರಿಸಬೇಕು. ಉತ್ತರ ಕರ್ನಾಟಕದ ಮಾತೆಂದರೆ ನಗಿಸುವ ಮಾತು ಎಂದು ಸಿನಿಮಾದವರೂ ಟಿ.ವಿ.ಯವರೂ ತೀರ್ಮಾನಿಸಿ ಎಷ್ಟೋ ವರ್ಷವಾಯಿತು. ನಾಯಕ ಪ್ರೀತಿಸುವುದು ಒಂದು ಕನ್ನಡದಲ್ಲಿ, ಅವನ ಅಡ್ಡನಾಡಿ ಗೆಳೆಯ ಬೈಸಿಕೊಳ್ಳುವುದು ನಮ್ಮ ಕನ್ನಡದಲ್ಲಿ. ಈಗ ಮೊಬೈಲ್‌ನ ಅರ್ಧ ನಿಮಿಷದ ವಿಡಿಯೊಗಳು ಅದನ್ನೇ ಮುಂದುವರಿಸಿವೆ, ಮಾಡುವವರು ಹೆಚ್ಚಿನವರು ನಮ್ಮ ಹುಡುಗರೇ. ಈ ಮಾತಿನಲ್ಲಿ ಸಾವಿನ ಮನೆಯಲ್ಲಿ ಸಮಾಧಾನ ಹೇಳುತ್ತಾರೆ, ಕೋರ್ಟಿನ ಮೆಟ್ಟಿಲ ಮೇಲೆ ಅಣ್ಣ ತಮ್ಮಂದಿರು ಬೇರೆಯಾಗುತ್ತಾರೆ, ತಾಯಿ ಮಗನಿಗೆ ಬುದ್ಧಿ ಹೇಳುತ್ತಾಳೆ. ಅದನ್ನು ನಗೆಹನಿಗೆ ಇಳಿಸಿದವರ ಕೈಗೆ ಗಂಗವ್ವನನ್ನು ಕೊಡಬೇಕು.

ಮರಾಠಿಯ ಪು.ಲ. ದೇಶಪಾಂಡೆಯವರ ‘ರಾವ್‌ಸಾಹೇಬ’ನೂ ನಗಿಸುತ್ತಾನಲ್ಲ ಎಂದು ಬೆಳಗಾವಿಯ ಗೆಳೆಯರು ಕೂಡಲೇ ಕೇಳುತ್ತಾರೆ. ನಗಿಸುತ್ತಾನೆ, ಹೊಟ್ಟೆ ಹಿಡಿದುಕೊಳ್ಳುವಷ್ಟು. ಪು.ಲ. ಕೆಲ ಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕಲಿಸುತ್ತಿದ್ದರು. ಆಗ ಕಂಡ ಕೃಷ್ಣರಾವ್ ಹರಿಹರ ಎಂಬ ಸಂಗೀತಪ್ರೇಮಿಯನ್ನು ‘ಗಣಗೋತ’ ಪುಸ್ತಕದಲ್ಲಿ ರಾವ್‌ಸಾಹೇಬನಾಗಿ ಚಿತ್ರಿಸಿದರು. ಕನ್ನಡದ ಅಚ್ಚಿನಲ್ಲಿ ಎರಕ ಹೊಯ್ದ ಮರಾಠಿ ಈ ರಾವ್‌ಸಾಹೇಬನದು. ಗಂಡು ಹೆಣ್ಣಿನ ಲಿಂಗ ಅಡ್ಡಾದಿಡ್ಡಿ, ಬೈಗುಳ ಧಾರಾಳ. ಆದರೆ ಆ ಬರಹ ಮುಗಿಯುವ ಹೊತ್ತಿಗೆ ನಗು ಗಂಟಲಲ್ಲಿ ನಿಲ್ಲುತ್ತದೆ. ಆ ಹರಕು ಮರಾಠಿಯ ಹಿಂದೆ ಎಂಥ ರಸಿಕ, ಎಂಥ ದೊಡ್ಡ ಮನಸ್ಸಿನ ಮನುಷ್ಯ ಇದ್ದ ಎಂದು ತಿಳಿದಿರುತ್ತದೆ. ಪು.ಲ. ನಗುವುದು ಆ ಮನುಷ್ಯನ ಜೊತೆ ಕೂತು. ಟಿ.ವಿ.ಯವರಿಗೆ ಆ ಮನುಷ್ಯನೇ ಬೇಕಿಲ್ಲ.

ರಾವ್‌ಸಾಹೇಬನಿಗಿಂತಲೂ ನನಗೆ ಹತ್ತಿರದವನು ಲಂಪನ್. ಮರಾಠಿಯ ಹಿರಿಯ ಕವಯಿತ್ರಿ ಇಂದಿರಾ ಸಂತರು ಬೆಳಗಾವಿಯಲ್ಲಿ ಬಾಳಿದವರು. 1946ರಲ್ಲಿ ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಸಂಸಾರ ನಡೆಸಿದರು, ಅದರ ನಡುವೆಯೇ ಬರೆದರು. ಅವರ ಮಗ ಪ್ರಕಾಶ ನಾರಾಯಣ ಸಂತ ಸೃಷ್ಟಿಸಿದ ಹುಡುಗ ಈ ಲಂಪನ್. ಅಪ್ಪ ಅಮ್ಮನನ್ನು ಬಿಟ್ಟು ಅಜ್ಜ ಅಜ್ಜಿಯ ಊರಿನಲ್ಲಿ ಬೆಳೆಯುವವನು. ಮೊದಲ ಸಂಕಲನ ‘ವನವಾಸ’ ಪುಸ್ತಕವಾಗಿ ಬಂದದ್ದು 1994ರಲ್ಲಿ. ಲಂಪನ್‌ನ ಮರಾಠಿಯಲ್ಲಿ ಕನ್ನಡ ಎಷ್ಟು ಸಹಜವಾಗಿ ಓಡಾಡುತ್ತದೆಂದರೆ, ಪುಣೆಯ ಓದುಗ ತಡವರಿಸುವ ಕಡೆ ಖಾನಾಪುರದ ಓದುಗ ಸರಾಗವಾಗಿ ಹೋಗುತ್ತಾನೆ. ಅಮ್ಮನ ನೆನಪು ಬಂದಾಗ ಈ ಹುಡುಗ ಅಳು ಬಂತೆಂದು ಹೇಳುವುದಿಲ್ಲ. ಕಣ್ಣೆದುರಿನ ಇನ್ನೇನನ್ನೋ ಹೇಳತೊಡಗುತ್ತಾನೆ, ನಮಗೆ ತಿಳಿದುಹೋಗುತ್ತದೆ. ಬಾಲ್ಯದ ಬಗ್ಗೆ ನಾನು ಓದಿದ್ದರಲ್ಲಿ ಇದರ ಸಮಕ್ಕೆ ನಿಲ್ಲುವುದು ಕಡಿಮೆ.

ಕನ್ನಡ ಅಂಕಣದಲ್ಲಿ ಮರಾಠಿ ಪುಸ್ತಕದ ಗುಣಗಾನವೇಕೆ ಎಂದು ಕೆಲವರು ಹುಬ್ಬೇರಿಸುವುದು ನನಗೆ ಗೊತ್ತು. ಆ ಕಡೆಯೂ ಅಂಥವರೇ ಇದ್ದಾರೆ, ಕನ್ನಡ ಓದಿದರೆ ಹಕ್ಕು ಹೋದೀತೆಂದು ಹೆದರುವವರು. ಗಡಿ ತಂಟೆ ತೀರ್ಮಾನಿಸುವುದು ಕೋರ್ಟಿನ ಕೆಲಸ. ಕಪಾಟಿನ ವಿಷಯದಲ್ಲಿ ಮಾತ್ರ ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ ಬೇಂದ್ರೆ ಕವಿತೆಯಲ್ಲಿ ಹಾರಿಬಿಟ್ಟ ಹಕ್ಕಿ ಕನ್ನಡ ನಾಡೆಲ್ಲ ಸುತ್ತಿತು. ಏಕಸಂಬೆಯ ಜಿ.ಎ. ಕುಲಕರ್ಣಿ ಅದೇ ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತ, ಕಪ್ಪು ಕನ್ನಡಕದ ಹಿಂದೆ ಜನರಿಂದ ದೂರ ಉಳಿದು, ಮರಾಠಿ ಸಣ್ಣಕಥೆಯ ದಿಕ್ಕು ಬದಲಿಸಿದರು. ‘ಕಾಜಳಮಾಯಾ’ಕ್ಕೆ ಬಂದ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಹಿಂತಿರುಗಿಸಿದರು. ಕೊಂಕಣಿ ಮನೆಮಾತಿನ ಗಿರೀಶ ಕಾರ್ನಾಡರು ಕನ್ನಡದಲ್ಲಿ ಬರೆದ ‘ಯಯಾತಿ’ 1961ರಲ್ಲಿ ಹೊರಬಂದದ್ದು ಧಾರವಾಡದ ಮನೋಹರ ಗ್ರಂಥಮಾಲೆಯಿಂದ, ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿ ಕೂತು ಹರಟುತ್ತಿದ್ದ ಆ ಅಟ್ಟದಿಂದ. ಇಷ್ಟೂ ಜನ ಲೋಂಡಾದಿಂದ ಎರಡು ಮೂರು ತಾಸಿನ ಹಾದಿಯವರು. ಇವರಲ್ಲಿ ಯಾರನ್ನು ಹೊರಗಿಟ್ಟು ನನ್ನ ಕಪಾಟನ್ನು ಶುದ್ಧ ಮಾಡಲಿ?

ಓದಬೇಕೆನ್ನುವವರಿಗೆ ಹೇಳುವುದು ಸ್ವಲ್ಪವೇ. ಲಂಪನ್‌ನನ್ನು ‘ವನವಾಸ’ದಿಂದಲೇ ಶುರು ಮಾಡಿ, ‘ಶಾರದಾ ಸಂಗೀತ’, ‘ಪಂಖಾ’, ‘ಝುಂಬರ’ ಆಮೇಲೆ, ಅದೇ ಕ್ರಮದಲ್ಲಿ. ಮರಾಠಿ ಅಕ್ಷರ ಗೊತ್ತಿದ್ದರೆ ಸಾಕು, ಉಳಿದದ್ದನ್ನು ನಮ್ಮ ಕಡೆಯವರ ಕಿವಿ ನೋಡಿಕೊಳ್ಳುತ್ತದೆ. ಗಂಗವ್ವನನ್ನು ಮನಸ್ಸಿನಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಪಕ್ಕದ ಮರಾಠಿ ಮನೆಯವರು ಬಂದು ಕೂತರೆ ಮೊದಲ ಅಧ್ಯಾಯ ಅವರಿಗೂ ಕೇಳಿಸಿ. ಎರಡನೆಯದನ್ನು ಅವರೇ ಕೇಳುತ್ತಾರೆ.