ಕಾಸರವಳ್ಳಿ ಚಿತ್ರಗಳನ್ನು ಯಾರ ಪಕ್ಕದಲ್ಲಿ ನಿಂತು ನೋಡಬೇಕು

ಗಿರೀಶ ಕಾಸರವಳ್ಳಿಯವರ ಚಿತ್ರಗಳು ನಿಧಾನ ಎಂಬ ದೂರು ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲೂ ಬೆಂಗಳೂರಿನಲ್ಲೂ ಒಂದೇ ರಾಗದಲ್ಲಿ ಕೇಳಿಬರುತ್ತದೆ. ಹಾಡು ಹೊಡೆದಾಟಗಳ ಲೆಕ್ಕದಲ್ಲಿ ಟಿಕೆಟ್ಟಿನ ಬೆಲೆ ತೂಗುವ ಪ್ರೇಕ್ಷಕನ ದೂರು ಅದು. ಅವರಿಗೆ ಬಂದ ನಾಲ್ಕು ಸ್ವರ್ಣಕಮಲಗಳನ್ನು, ಅಂದರೆ ವರ್ಷದ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿಗಳನ್ನು, ಬಾಯಿಪಾಠ ಒಪ್ಪಿಸಿ ಒಂದು ಚಿತ್ರವನ್ನೂ ಪೂರ್ತಿ ನೋಡದವರ ಮೆಚ್ಚುಗೆ ಅದಕ್ಕಿಂತಲೂ ಟೊಳ್ಳು.

ಈ ಚಿತ್ರಗಳ ಜೀವವಿರುವುದು ನೋಟದಲ್ಲಿ, ಎಂದರೆ ನಡೆಯುವುದನ್ನು ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತು ಕಾಣುತ್ತಿದೆ ಎಂಬುದರಲ್ಲಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 1950ರಲ್ಲಿ ಹುಟ್ಟಿ, ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ನಿರ್ದೇಶನ ಕಲಿತ ಕಾಸರವಳ್ಳಿಯವರು, ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ತಮ್ಮ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ದಲ್ಲಿಯೇ (1977) ಪ್ರೇಕ್ಷಕನನ್ನು ವೇದಪಾಠಕ್ಕೆ ಬಂದ ಪುಟ್ಟ ಹುಡುಗ ನಾಣಿಯ ಪಕ್ಕ ನಿಲ್ಲಿಸಿದರು. ವಿಧವೆ ಯಮುನಕ್ಕ ಬಸಿರಾದದ್ದು ಅಗ್ರಹಾರಕ್ಕೆ ಅಪರಾಧ; ನಾಣಿಗಾದರೋ ಅದು ಅಕ್ಕರೆಯ ಅಕ್ಕನ ಮೇಲೆ ಬಂದೆರಗಿದ, ಹೆಸರು ತಿಳಿಯದ ಕಷ್ಟ. ಜಾತಿಯಿಂದ ಹೊರಹಾಕಿದವರನ್ನು ಬದುಕಿರುವಾಗಲೇ ಸತ್ತರೆಂದು ಎಣಿಸಿ, ಮಡಕೆ ಒಡೆದು ಮಾಡುವ ಕರ್ಮವೇ ಘಟಶ್ರಾದ್ಧ. ಕೊನೆಗೆ ಊರು ಬಿಡುವ ನಾಣಿ, ತಲೆ ಬೋಳಾಗಿ ಮರದಡಿ ಒಂಟಿಯಾಗಿ ಕುಳಿತ ಯಮುನಕ್ಕನನ್ನು ಕಾಣುತ್ತಾನೆ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ಕ್ಯಾಮೆರಾ ಅಲ್ಲಿ ಕಣ್ಣೀರು ಬೇಡುವುದಿಲ್ಲ, ತೀರ್ಪನ್ನೂ ಕೊಡುವುದಿಲ್ಲ. ಹುಡುಗನಿಗೆ ಅರ್ಥವಾಗದ್ದನ್ನು ಪ್ರೇಕ್ಷಕನು ತಾನಾಗಿ ಅರ್ಥಮಾಡಿಕೊಳ್ಳಲು ಬೇಕಾದ ಹೊತ್ತನ್ನು ಮಾತ್ರ ಕೊಡುತ್ತದೆ, ಆ ಹೊತ್ತನ್ನೇ ಜನ ನಿಧಾನ ಎನ್ನುವುದು. ಪ್ರಸ್ತುತ ಲೇಖಕನ ಕಣ್ಣು ತೆರೆದದ್ದು ಚಿತ್ರಸಮಾಜವೊಂದರ ಪ್ರದರ್ಶನದಲ್ಲಿ, ಕಥೆಯ ಬೆನ್ನು ಬಿಟ್ಟು ನಾಣಿಯ ಮುಖವನ್ನೇ ನೋಡತೊಡಗಿದಾಗ. 2024ರಲ್ಲಿ ಪುನರುಜ್ಜೀವನಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡದ್ದು ಇದೇ ಚಿತ್ರ.

‘ತಬರನ ಕಥೆ’ಯ (1986) ಮೂಲ, ಕಡೂರು, ತರೀಕೆರೆಗಳ ಜಿಲ್ಲೆಯದೇ ಆದ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರದು. ಚಾರುಹಾಸನ್ ನಟಿಸಿದ ತಬರ ಪಿಂಚಣಿಗಾಗಿ ಅಲೆಯುವ ಪರಿಯನ್ನು, ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಸಾಹೇಬರಿಗಾಗಿ ಕಾದು ಕುಳಿತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ತಾಯಿ ಸಾಹೇಬ’, ‘ಗುಲಾಬಿ ಟಾಕೀಸ್’ಗಳನ್ನು ಆಮೇಲೆ ನೋಡಿದರೂ ಆದೀತು.

‘ದ್ವೀಪ’ವನ್ನು ಮಾತ್ರ ತರೀಕೆರೆಯವರು ತಪ್ಪಿಸಕೂಡದು. ಅವರದೇ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿರುವುದರಿಂದ, ನಾ. ಡಿಸೋಜರ ಕಾದಂಬರಿಯಿಂದ ಬಂದ ಈ ಮುಳುಗಡೆಯ ಕಥೆ ಅವರಿಗೆ ದೂರದ್ದಲ್ಲ. ಹಿನ್ನೀರು ಮನೆಯ ಸುತ್ತ ಏರುತ್ತಿರುವಾಗ ಸೌಂದರ್ಯ ನಟಿಸಿದ ನಾಗಿ ಮೈಮುರಿದು ದುಡಿದು ಮನೆ ಉಳಿಸಿಕೊಳ್ಳುತ್ತಾಳೆ; ಗಂಡ ಗಣಪ ಅದನ್ನು ದೇವರ ಲೆಕ್ಕಕ್ಕೆ ಬರೆಯುತ್ತಾನೆ. ಆ ಲೆಕ್ಕದಲ್ಲಿರುವ ಅನ್ಯಾಯ ತಾಗಬೇಕಾದರೆ ಪ್ರೇಕ್ಷಕನು ಮೊದಲಿನಿಂದಲೂ ನಾಗಿಯ ಪಕ್ಕದಲ್ಲಿ ನಿಂತಿರಬೇಕು.